ಪ್ರಬಲ ಆಮ್ಲದ ಮಗ

"ಹುಳಿನೂ ಅಲ್ರೀ... ಸವಳೂ ಅಲ್ರೀ... ಸಪ್ಪರೀ!"

ಮೈಕಿನಲ್ಲಿ ಮಾಲಾಳ ದನಿ ಹೊರಟಿದ್ದೇ ತಡ, ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು.

ಹರಪನಹಳ್ಳಿಯಲ್ಲಿ ಅಂದು ಪಿಯು ಕಾಲೇಜುಗಳ ವಿಜ್ಞಾನ ಕ್ವಿಜ್. ಕೊನೆಯ ಸುತ್ತು. ಕೇಳಿದ ಪ್ರಶ್ನೆಯೂ ಹೇಳಿಕೊಳ್ಳುವಷ್ಟು ಕಷ್ಟದ್ದಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ ಆಮ್ಲ. ಅದರಿಂದ ಹುಟ್ಟುವ ಕ್ಲೋರೈಡ್ ಅಯಾನು ನೀರಿನಲ್ಲಿ ಎಂಥ ಸ್ವಭಾವ ತೋರಿಸುತ್ತದೆ?

ಮಾಲಾಳಿಗೆ ಉತ್ತರ ಗೊತ್ತಿತ್ತು. ಪುಸ್ತಕದ ಪದ ಮಾತ್ರ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಮನೆಯ ಮಾತು.

"ಉಪ್ಪಿನಾಗಿಂದು ಸಪ್ಪಂತಲೇ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮತ್ತೊಮ್ಮೆ ನಗು. ಎರಡು ಮೂರು ಮೊಬೈಲುಗಳು ಮೇಲೆದ್ದವು.

ಮೂರನೇ ಸಾಲಿನಲ್ಲಿ ಕುಳಿತಿದ್ದ ಕೀರ್ತನಾಳ ಕಿವಿ ಕೆಂಪಾಯಿತು. ಮಾಲಾಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವಳು ಆಕೆಯೇ. ಇಪ್ಪತ್ತೇಳರ ಹುಡುಗಿ, ತೆಲಿಗಿಯಿಂದ ದಿನಾ ಬಸ್ಸು ಹತ್ತಿ ಬಂದು ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಮೊದಲು ಮನೆಯ ಮಾತು, ಆಮೇಲೆ ಪುಸ್ತಕದ ಮಾತು, ಇದು ಆಕೆಯ ಪದ್ಧತಿ. ಆಮ್ಲ ಎಂದರೆ ಹುಳಿ. ಪ್ರತ್ಯಾಮ್ಲ ಎಂದರೆ ಸವಳು, ಯಾಕೆಂದರೆ ಸವಳು ನೆಲ ಯಾವ ಮಗುವಿಗೂ ಗೊತ್ತು. ಎರಡೂ ಅಲ್ಲದ್ದು ಸಪ್ಪ. ಪುಸ್ತಕ ಅದನ್ನು ತಟಸ್ಥ ಎನ್ನುತ್ತದೆ.

ವೇದಿಕೆಯ ಮೇಲೆ ಪ್ರಶ್ನೆ ಕೇಳುತ್ತಿದ್ದವನು ಕೊಟ್ಟೂರಿನ ಕಾಲೇಜೊಂದರ ಉಪನ್ಯಾಸಕ, ಮೌನೇಶ್. ತೆಳ್ಳಗೆ, ಎತ್ತರಕ್ಕೆ, ಬಿಳಿ ಅಂಗಿ.

"ಸಪ್ಪ...?" ಎಂದ ಅವನು ಮೈಕಿನಲ್ಲೇ. ಎಂದು... ನಕ್ಕ!

ನಗುವ ಸಭೆಯನ್ನು ಕೀರ್ತನಾ ಕ್ಷಮಿಸಿಯಾಳು. ಆದರೆ ಓದಿದವನು ನಕ್ಕರೆ?

ಅವನು ಪಕ್ಕದಲ್ಲಿದ್ದ ಹಿರಿಯ ತೀರ್ಪುಗಾರರ ಕಡೆ ಬಾಗಿ ಏನೋ ಪಿಸುಗುಟ್ಟಿದ. ಅವರು ಅಡ್ಡಡ್ಡ ತಲೆಯಾಡಿಸಿದರು. ಇವನು ಒಂದು ಕ್ಷಣ ಬಾಯಿ ತೆರೆದ... ಮುಚ್ಚಿದ. "ಈ ಉತ್ತರ ತಗೊಳ್ಳಾಕ ಬರಂಗಿಲ್ಲ. ಮುಂದಿನ ತಂಡ?"

"ತಟಸ್ಥ, ಸರ್!"

ಹತ್ತು ಅಂಕ. ಚಪ್ಪಾಳೆ. ಮಾಲಾ ತಲೆ ತಗ್ಗಿಸಿದಳು.

ಅಷ್ಟೇ ಸಾಕಾಯಿತು. ಕೀರ್ತನಾ ಎದ್ದು ನಿಂತೇಬಿಟ್ಟಳು.

"ಏನ್ರೀ ಇದು ಅನ್ಯಾಯ! ಆ ಹುಡುಗಿ ಹೇಳಿದ್ದು ತಪ್ಪಾ? ಎದಿ ಮುಟ್ಕೊಂಡು ಹೇಳ್ರಿ!"

"ತಪ್ಪಲ್ರಿ ಮೇಡಂ..."

"ಮತ್ತ?"

"ನಿಯಮ ಐತ್ರಿ. ಪಠ್ಯದಾಗಿನ ಪದನ..."

"ಬೆಂಕಿ ಹಾಕ್ರಿ ನಿಮ್ಮ ನಿಯಮಕ್ಕ! ತಟಸ್ಥ ಅಂತ ಬಾಯಿಪಾಠ ಮಾಡಿದ ಹುಡುಗಗ ಹತ್ತು ಅಂಕ, ತಿಳ್ಕೊಂಡು ಹೇಳಿದ ಹುಡುಗಿಗೆ ನಗಿ! ಮೈಕು ಹಿಡ್ಕೊಂಡು ಹಲ್ಲು ಕಿಸಿಯಾಕ ನಾಚಿಕಿ ಆಗಲ್ಲೇನ್ರೀ ನಿಮಗ?"

ಅವನು ಸುಮ್ಮನೆ ನಿಂತ. ಎದುರು ಮಾತಾಡಿದ್ದರೆ ಇನ್ನೊಂದಿಷ್ಟು ಬೈದು ಹಗುರಾಗುತ್ತಿದ್ದಳೇನೋ, ಅವನು ಆ ಭಾಗ್ಯವನ್ನೂ ಕೊಡಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತೆಲಿಗಿ ಬಸ್ಸಿಗೆ ಕಾಯುತ್ತಿದ್ದಾಗ ಅವನು ಓಡಿ ಬಂದ.

"ಮೇಡಂ, ಒಂದು ನಿಮಿಷ... ನಾ ನಕ್ಕಿದ್ದು ಅದಕ್ಕಲ್ರಿ..."

"ಯಾವುದಕ್ಕಾರ ನಗ್ರಿ! ಆ ಹುಡುಗಿ ಅಪ್ಪ ಕುರಿ ಕಾಯ್ತಾನ. ಅವ್ರ ಮನ್ಯಾಗ ಕಾಲೇಜು ಮೆಟ್ಲ ಹತ್ತಿದಾಕಿ ಇಕಿನ ಮೊದಲನೇದಾಕಿ. ಇನ್ನ ಬಾಯಿ ಬಿಡ್ತಾಳೇನು ಆಕಿ?"

"ನಾ ಆ ಹಿರಿಯರಿಗೆ ಹೇಳಿದ್ನಿ, ಉತ್ತರ ಸರಿ ಐತಿ ಅಂತ. ಅವ್ರು ಬ್ಯಾಡ ಅಂದ್ರು."

"ನೀವು ಸುಮ್ಮನಾದ್ರಿ."

ಅವನು ತಲೆ ತಗ್ಗಿಸಿದ.

"ತಟಸ್ಥ ಅಂದ್ರೇನು ಗೊತ್ತೇನ್ರೀ ನಿಮಗ? ತಟ ಅಂದ್ರ ದಂಡಿ. ದಂಡಿ ಮ್ಯಾಲ ನಿಂತಾವ. ನೀರಾಗ ಯಾರರ ಮುಳುಗ್ಲಿ, ಮೈ ತೊಯಿಸಿಕೊಳ್ದ ನೋಡ್ಕೊಂತ ನಿಂತಾವ! ಆ ಪದ ನಿಮಗ ಭಾಳ ಛಲೋ ಹೊಂದತೈತಿ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನೋಡಬಾರದೆಂದುಕೊಂಡಳು, ನೋಡಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

*

ಮಾರನೇ ದಿನದಿಂದ ಶುರುವಾಯಿತು ನೋಡಿ. ಯಾರೋ ಆ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದರು. ಕಾರಿಡಾರಿನಲ್ಲಿ ಮಾಲಾ ಹೊರಟರೆ ಹಿಂದಿನಿಂದ "ಸಪ್ಪರೀ!" ಎಂಬ ಕೂಗು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗಿ ಕೊನೆಯ ಬೆಂಚಿಗೆ ಹೋದಳು.

ಕೀರ್ತನಾಗೆ ಅನ್ನ ಸೇರಲಿಲ್ಲ. ಮೌನೇಶನ ಮೇಲಿನ ಸಿಟ್ಟು ಒಂದು ಕಡೆ. ಅದಕ್ಕಿಂತ ಸುಡುತ್ತಿದ್ದದ್ದು ಇನ್ನೊಂದು. 'ಸಪ್ಪ ಅನ್ನೋ ಪದ ಕೊಟ್ಟವಳು ನಾನೇ ಅಲ್ಲವೇ? ನನ್ನ ಮಾತೇ ಆ ಮಗುವಿಗೆ ಮುಳುವಾಯಿತೇ?'

ಒಂಬತ್ತನೇ ದಿನ, ಪಾಠದ ನಡುವೆ, ಬಾಗಿಲಲ್ಲಿ ಬಿಳಿ ಅಂಗಿ.

"ಮೇಡಂ, ಐದು ನಿಮಿಷ ಕೊಡ್ತೀರಾ? ಮಾಲಾ ಅವ್ರ ಹತ್ರ ಮಾತಾಡಬೇಕಿತ್ತು. ಎಲ್ಲಾರ ಮುಂದ."

ಬೇಡ ಎನ್ನಲು ಕೀರ್ತನಾ ಬಾಯಿ ತೆರೆದಿದ್ದಳು. ಆದರೆ 'ಎಲ್ಲಾರ ಮುಂದ' ಎಂದವನ ಕೈಯಲ್ಲಿ ಬರೆದ ಕಾಗದವೊಂದಿತ್ತು. ಪಕ್ಕಕ್ಕೆ ಸರಿದಳು.

ಅರವತ್ತು ಮಕ್ಕಳ ಮುಂದೆ ನಿಂತು ಅವನು ಹೇಳಿದ: "ಮಾಲಾ, ಏಳು ವರ್ಷ ಆತು ನಾ ಈ ಪಾಠ ಹೇಳಾಕ ಹತ್ತಿ. ಬೋರ್ಡಿನ ಮ್ಯಾಲ ತಟಸ್ಥ ಅಂತ ಬರೀತೀನಿ, ಹುಡುಗ್ರು ಬರ್ಕೊಂತಾರ. ಒಬ್ರಿಗೂ ರುಚಿ ಹತ್ತಿರಂಗಿಲ್ಲ. ನೀನು ರುಚಿ ನೋಡಿ ಹೇಳಿದಂಗ ಹೇಳಿದಿ. ನನಗ ಖುಷಿಗೆ ನಗು ಬಂತು. ಆ ನಗಿಗೆ ನಾ ತಪ್ಪು ಕೇಳಾಕತ್ತಿಲ್ಲ. ಹಿರಿಯರು ಬ್ಯಾಡ ಅಂದಾಗ ಸುಮ್ಮನಾದ್ನೆಲ್ಲ... ಅದು ತಪ್ಪು. ಸಂಘಟಕರಿಗೆ ಪತ್ರ ಬರದೀನಿ, ಉತ್ತರ ಸರಿ ಇತ್ತು, ತಪ್ಪು ನನ್ನದು ಅಂತ. ಓದ್ತೀನಿ, ಕೇಳು."

ಓದಿದ.

ಮಾಲಾ ಎದ್ದಳು. ಕಣ್ಣು ಒದ್ದೆ, ಗಲ್ಲ ಮಾತ್ರ ಮೇಲೆ. "ಹೋಗ್ಲಿ ಬಿಡ್ರಿ ಸರ್. ಇನ್ನೊಂದ್ಸಲ ಖುಷಿಯಾದ್ರ ಮೈಕು ದೂರ ಹಿಡೀರಿ."

ಈ ಬಾರಿ ಅರವತ್ತು ಮಕ್ಕಳ ಜೊತೆ ಕೀರ್ತನಾಳೂ ನಕ್ಕಳು.

ಅವನು ಹೊರಟಾಗ ಕಾರಿಡಾರಿನ ತನಕ ಹೋದಳು. "ಸಿಟ್ಟು ಪೂರಾ ಇಳಿದಿಲ್ಲ," ಎಂದಳು.

"ಗೊತ್ತೈತ್ರಿ. ಎಷ್ಟು ಇಳದೈತಿ?"

"ನಾಲ್ಕಾಣೆ."

"ಅಷ್ಟಾತಲ್ಲ!" ಎಂದು ಅವನು ನಕ್ಕ. ಛೇ... ಆ ನಗು ಇಷ್ಟು ಚೆಂದವಿತ್ತೆಂದು ಕೀರ್ತನಾಗೆ ಅವತ್ತು ಯಾಕೆ ಕಂಡಿರಲಿಲ್ಲ?

*

ಉಳಿದ ಹನ್ನೆರಡಾಣೆ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಇಬ್ಬರೂ ಸೇರಿ ಮನೆಮಾತಿನ ರಸಾಯನಶಾಸ್ತ್ರದ ಒಂದು ಪಟ್ಟಿ ಮಾಡತೊಡಗಿದರು. ಶನಿವಾರ ಮಧ್ಯಾಹ್ನ ಅವಳು ಕೊಟ್ಟೂರಿಗೆ ಹೋಗುವಳು, ಇಲ್ಲವೇ ಅವನು ಬರುವನು. ಕೊಟ್ಟೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ, ನಡುವೆ ನೋಟ್‌ಬುಕ್ಕು.

ಜಗಳಕ್ಕೇನೂ ಕೊರತೆಯಿರಲಿಲ್ಲ. ಜಗಳವಾಡುತ್ತಿದ್ದವಳು ಅವಳು, ಕೇಳುತ್ತಿದ್ದವನು ಅವನು. ಬಸ್ಸು ತಡವಾದರೆ ಕಂಡಕ್ಟರನ ಮೇಲೆ, ಚಹಾ ತಣ್ಣಗಿದ್ದರೆ ಅಂಗಡಿಯವನ ಮೇಲೆ, ಯಾರೂ ಸಿಗದಿದ್ದರೆ ಅವನ ಮೇಲೆ.

"ನಿಮಗ ಸಿಟ್ಟ ಬರಂಗಿಲ್ಲೇನ್ರೀ?" ಎಂದು ಒಮ್ಮೆ ಕೇಳಿದಳು.

ಅವನು ಹಳಿಗಳ ಕಡೆ ನೋಡಿದ. "ಬರಬಾರದು ಅಂತ ನೋಡ್ಕೊಂತೀನಿ."

'ಎಂಥ ತಣ್ಣನೆ ಮನುಷ್ಯ!' ಎಂದುಕೊಂಡಳು ಕೀರ್ತನಾ. ಹುಚ್ಚಿ. ಆ ಮಾತಿನಲ್ಲಿದ್ದ ಭಯ ಅವಳಿಗೆ ಕೇಳಿಸಲಿಲ್ಲ.

ಒಂದು ಶನಿವಾರ ಅವನು ನೋಟ್‌ಬುಕ್ಕು ಮುಚ್ಚಿದ.

"ಕೀರ್ತನಾ ಅವ್ರೇ... ನನಗ ತಿರುಗಿಸಿ ಮಾತಾಡಾಕ ಬರಲ್ಲ. ನಿಮ್ಮನ್ನ ಬಿಟ್ರ ನನಗ ಶನಿವಾರನ ಇಲ್ಲ. ನನ್ನ ಮದಿವಿ ಆಗ್ತೀರಾ?"

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಅದಕ್ಕೂ ಮೊದ್ಲು ಒಂದು ಹೇಳಬೇಕು," ಎಂದ ಅವನು. "ನಮ್ಮಪ್ಪ ಹರಪನಹಳ್ಳಿ ಮಾರ್ಕೆಟಿನ್ಯಾಗ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟಾನ. ಗಾದಿಲಿಂಗಪ್ಪ ಅಂತ."

ಪೊಟ್ಟಣ ಅವಳ ಕೈಯಿಂದ ಜಾರಿತು. ಮಂಡಕ್ಕಿ ಪ್ಲಾಟ್‌ಫಾರಂ ತುಂಬ ಚೆಲ್ಲಿತು.

"ಗಾದಿಲಿಂಗಪ್ಪ?! ...ಕೆಂಪು ಶಾಲಿನ ಗಾದಿಲಿಂಗಪ್ಪ?"

"ಹೌದ್ರಿ."

ಹದಿನಾರು ವರ್ಷದ ಹಿಂದೆ ಕೀರ್ತನಾಳ ಅವ್ವ ಅಂಜಿನಕ್ಕ ಅದೇ ಅಂಗಡಿಯ ಮುಂದೆ ಮೆಕ್ಕೆಜೋಳ ಹಸನು ಮಾಡುವ ಕೂಲಿಗೆ ಹೋಗುತ್ತಿದ್ದಳು. ಗಾದಿಲಿಂಗಪ್ಪನ ಸಿಟ್ಟೆಂದರೆ ಸುತ್ತ ಹತ್ತು ಹಳ್ಳಿಗೆ ಪ್ರಸಿದ್ಧ. ಒಂದು ದಿನ ಕಾಳು ಕದ್ದಿದ್ದೀಯೆಂದು ಕೂಗಾಡಿ, ಹಮಾಲರು, ರೈತರು, ಗಾಡಿಯವರು ಎಲ್ಲರ ಮುಂದೆ ಅಂಜಿನಕ್ಕನ ಕೈಲಿ ಉಡಿ ಝಾಡಿಸಿದ್ದ. ಹೆಣ್ಣುಮಕ್ಕಳನ್ನು ಕರೆದು ಉಡಿ ತುಂಬುತ್ತಾರೆ, ಅದು ಮರ್ಯಾದೆ. ಆ ಉಡಿಯನ್ನೇ ಬೀದಿಯಲ್ಲಿ ಝಾಡಿಸು ಎಂದರೆ ಅದಕ್ಕಿಂತ ಸಾವು ಮೇಲು. ಹನ್ನೊಂದು ವರ್ಷದ ಕೀರ್ತನಾ ಅವ್ವನ ಸೆರಗು ಹಿಡಿದು ಅಲ್ಲೇ ನಿಂತಿದ್ದಳು.

"ಅವ ನಮ್ಮವ್ವನ ಉಡಿ ಝಾಡಿಸ್ಯಾನ!" ಕೀರ್ತನಾಳ ದನಿ ಸ್ಟೇಷನ್ನಿನ ಆಚೆ ತನಕ ಕೇಳಿಸಿತು.

ಮೌನೇಶನ ಮುಖ ಬಿಳಿಚಿತು. ಆಮೇಲೆ ಹೇಳಿದ್ದನ್ನು ಅವನು ಹೇಳದೆ ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ.

"ಆಕಿ ನಿಮ್ಮವ್ವಾ...? ಆವತ್ತು... ನಾನೂ ಅಲ್ಲೇ ಇದ್ದೆ. ತಕ್ಕಡಿ ಹತ್ರ. ಹದಿನೈದು ವರ್ಷ ನನಗ."

"ಏನು ಮಾಡಿದ್ರಿ?"

"...ಏನೂ ಮಾಡ್ಲಿಲ್ಲ."

"ದಂಡಿ ಮ್ಯಾಲ ನಿಂತಿದ್ರಿ!" ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಒತ್ತರಿಸಿ ಬಂತು. "ಆವತ್ತೂ ನಿಂತಿದ್ರಿ! ಕ್ವಿಜ್‌ನ್ಯಾಗೂ ನಿಂತ್ರಿ! ನಾಳೆ ನಿಮ್ಮಪ್ಪ ನನ್ನ ಉಡಿ ಝಾಡಿಸಿದ್ರೂ ನಿಂತ ನೋಡ್ತೀರಿ! ಅದರ ಮರುದಿನ ಕಾಗದ ಬರ್ಕೊಂಡು ಬಂದು ತಪ್ಪಾತು ಅಂತೀರಿ!"

"ಕೀರ್ತನಾ ಅವ್ರೇ..."

"ಮಾತಾಡಬ್ಯಾಡ್ರಿ! ನಿಮಗ ಬರೂದ ಅದೊಂದಲ್ಲ, ಮಾತಾಡದ ಇರೂದು! ಅದನ್ನ ಮಾಡ್ರಿ!"

ನೋಟ್‌ಬುಕ್ಕು ಬೆಂಚಿನ ಮೇಲೇ ಉಳಿಯಿತು. ಅವಳು ತಿರುಗಿ ನೋಡದೆ ನಡೆದಳು.

*

ಹದಿನೈದು ದಿನ. ಫೋನ್ ಬಂದರೆ ಕತ್ತರಿಸಿದಳು. ಮೆಸೇಜು ಓದದೆ ಅಳಿಸಿದಳು. ಓದದೆ ಅಳಿಸಿದ್ದಕ್ಕೆ ಅತ್ತಳು. ಪ್ರೀತಿ ಮಾಡುವವರ ಬುದ್ಧಿಗೆ ಏನು ಹೇಳುವುದು!

ತರಗತಿಯಲ್ಲಿ ಆ ದಿನ ಅಯಾನುಗಳ ಪಾಠದ ಪುನರಾವರ್ತನೆ. ಮೊದಲ ಬೆಂಚಿಗೆ ಮರಳಿದ್ದ ಮಾಲಾ ಕೈ ಎತ್ತಿದಳು.

"ಮೇಡಂ, ಒಂದು ತಿಳೀವಲ್ದು. ಆಮ್ಲ ಅಷ್ಟು ಖಡಕ್ ಐತಿ, ಚರ್ಮ ಸುಡತೈತಿ. ಅದರ ಹೊಟ್ಟಿಲೆ ಹುಟ್ಟಿದ ಅಯಾನು ಹೆಂಗ ಸಪ್ಪ ಆಗತೈತ್ರಿ?"

ಕೀರ್ತನಾ ಸೀಮೆಸುಣ್ಣ ಕೈಗೆತ್ತಿಕೊಂಡಳು.

"ಖಡಕ್ ಇರೂದಕ್ಕನ ಹಂಗಾಗತೈತಿ," ಎಂದಳು. "ಪ್ರಬಲ ಆಮ್ಲ ನೀರಿಗೆ ಬಿದ್ದ ಕೂಡ್ಲೇ ತನ್ನ ಹೈಡ್ರೋಜನ್ ಪೂರಾ ಕೊಟ್ಟು ಕೈ ತೊಳಕೊಂತೈತಿ. ಹುಳಿ ಇದ್ದದ್ದ ಅದರಾಗ. ಉಳಿದ ಅಯಾನಿಗೆ ಅದು ತಿರುಗಿ ಬೇಕು ಅನ್ನೂ ಆಸಿನ ಇಲ್ಲ. ನೀರಿನ ತಂಟಿಗೆ ಹೋಗಂಗಿಲ್ಲ. ಅದಕ್ಕ ಸಪ್ಪ. ವಿನಿಗರ್‌ದಂಥ ದುರ್ಬಲ ಆಮ್ಲ ಹಂಗಲ್ಲ. ಅದು ಅರ್ಧಂಬರ್ಧ ಬಿಡತೈತಿ. ಅದರ ಅಯಾನು ನೀರಿನ ಕೈಯಾಗಿಂದು ಹೈಡ್ರೋಜನ್ ಕಸಗೊಳ್ಳಾಕ ನೋಡತೈತಿ. ಅದಕ್ಕ ಆ ಅಯಾನು ಸವಳು."

ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. 'ಹದಿನಾರು ವರ್ಷದಿಂದ ಒಂದೇ ಸಿಟ್ಟನ್ನು ಕಸಿದು ಕಸಿದು ಇಟ್ಟುಕೊಳ್ಳುತ್ತಿರುವವಳು ಯಾರು? ಅಪ್ಪನ ಬೆಂಕಿಯನ್ನು ತನ್ನೊಳಗೆ ಬಿಟ್ಟುಕೊಳ್ಳದೆ ಬೆಳೆದವನು ಯಾರು?'

"ಹಂಗಾರ ಪ್ರಬಲ ಆಮ್ಲದಿಂದ ಬಂದಿದ್ದೆಲ್ಲಾ ಸಪ್ಪನಾ ಮೇಡಂ?" ಮಾಲಾ ಬಿಡುವವಳಲ್ಲ.

"ಎಲ್ಲಾ ಅಲ್ಲ." ಕೀರ್ತನಾ ಬೋರ್ಡಿಗೆ ತಿರುಗಿದಳು. "ಗಂಧಕಾಮ್ಲದ ಹತ್ರ ಎರಡು ಹೈಡ್ರೋಜನ್ ಇರ್ತಾವ. ಒಂದನ್ನ ಕೊಟ್ಟ ಮ್ಯಾಲ ಉಳಿಯೂ ಬೈಸಲ್ಫೇಟ್ ಅಯಾನಿನೊಳಗ ಇನ್ನೊಂದು ಹಂಗ ಇರತೈತಿ. ಅದು ಇನ್ನೂ ಹುಳಿನ."

"ಮತ್ತ ಯಾವುದು ಸಪ್ಪ, ಯಾವುದರೊಳಗ ಇನ್ನೊಂದು ಉಳದೈತಿ ಅಂತ ಹೆಂಗ ತಿಳ್ಕೊಳ್ಳೋದ್ರೀ?"

"ನೀರಿಗೆ ಹಾಕಿ ನೋಡಬೇಕು," ಎಂದಳು ಕೀರ್ತನಾ. ಗಂಟೆ ಹೊಡೆಯಿತು.

ಆ ಸಂಜೆ ತೆಲಿಗಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಹೆಸರು, ಅಂಗಡಿ, ತಕ್ಕಡಿಯ ಹತ್ತಿರ ನಿಂತಿದ್ದ ಹುಡುಗ, ಎಲ್ಲ.

ಅಂಜಿನಕ್ಕನ ಕೈ ನಿಂತಿತು. ಅಂಜಿನಕ್ಕ ಹೆಸರಿಗಷ್ಟೇ ಅಂಜುವವಳು. ಆವತ್ತಿನ ನಂತರ ಆ ಅಂಗಡಿಯ ನೆರಳನ್ನೂ ತುಳಿಯದೆ, ಮಂದಿಯ ಹೊಲದಲ್ಲಿ ದುಡಿದು ಮಗಳನ್ನು ಎಂಎಸ್ಸಿ ಓದಿಸಿದ ಹೆಂಗಸು.

"ಆ ಹುಡುಗ ಏನು ಮಾಡ್ಯಾನ ನಿನಗ?"

"ಏನೂ ಮಾಡಿಲ್ಲ. ಅದ ತಪ್ಪು."

"ನೀ ಅವನ್ನ ಬಿಟ್ಟು ಇರ್ತೀಯೇನು?"

ಕೀರ್ತನಾಳ ಕಣ್ಣೀರು ಉತ್ತರಿಸಿತು.

"ಹಂಗಾರ ಇಲ್ಲಿ ಕುಂತು ಯಾಕ ಅಳ್ತಿ? ನಾಳೆ ಹರಪನಹಳ್ಳಿಗೆ ಹೋಗೂಣು. ಆ ಅಂಗಡಿಗೆ. ಅವಗೂ ಬಾ ಅಂತ ಹೇಳು. ಅಪ್ಪನ ಮುಂದ ನಿಂತಾಗ ಅವ ಎಂಥಾವ ಅಂತ ನಾನ ನೋಡ್ತೀನಿ."

*

ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿಗಳು, ಧೂಳು, ಹಮಾಲರ ಕೂಗು. ಮೌನೇಶ್ ಮೊದಲೇ ಬಂದು ಅಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದ. ಹದಿನೈದು ದಿನದಲ್ಲಿ ಸೊರಗಿದ್ದ. ಕೀರ್ತನಾ ಮುಖ ಗಟ್ಟಿ ಮಾಡಿಕೊಂಡಳು.

"ಅಪ್ಪಾ," ಎಂದ ಮೌನೇಶ್, "ಇವ್ರು ಕೀರ್ತನಾ ಅಂತ. ಇವ್ರನ್ನ ಮದಿವಿ ಆಗಬೇಕು ಅಂತೀನಿ. ಇವ್ರು ಅವ್ರ ಅವ್ವ."

ಕೆಂಪು ಶಾಲಿನ ಗಾದಿಲಿಂಗಪ್ಪ ಕನ್ನಡಕ ಏರಿಸಿ ನೋಡಿದ. ಗುರುತು ಸಿಕ್ಕಿತು. ಸಿಕ್ಕಿದ್ದೇ ತಡ, ಹಣೆಯ ನರ ಉಬ್ಬಿತು.

"ಏನ್ಬೇ! ಉಡಿ ಝಾಡಿಸಿದ್ದು ಮರ್ತೀಯೇನು? ಆವತ್ತು ಕಾಳು, ಇವತ್ತು ನನ್ನ ಮಗನ್ನ ಉಡ್ಯಾಗ ಹಾಕ್ಕೊಂಡು ಹೋಗಾಕ ಬಂದೀಯಾ?"

ಹಮಾಲರು ಚೀಲ ಇಳಿಸಿ ನಿಂತರು. ರೈತರು ತಿರುಗಿದರು. ಹದಿನಾರು ವರ್ಷದ ಹಿಂದಿನ ಅದೇ ಜಾಗ. ಕೀರ್ತನಾ ಬಾಯಿ ತೆರೆಯುವಷ್ಟರಲ್ಲಿ ಅಂಜಿನಕ್ಕ ಅವಳ ಮುಂಗೈ ಬಿಗಿಯಾಗಿ ಹಿಡಿದಳು. 'ತಡಿ' ಎಂಬಂತೆ. ಅವಳ ಕಣ್ಣು ಮೌನೇಶನ ಮೇಲಿತ್ತು.

ಮೌನೇಶ್ ನೆಲ ನೋಡುತ್ತಿದ್ದ.

ಒಂದು ಕ್ಷಣ... ಎರಡು...

'ಮಾತಾಡು,' ಎಂದು ಕೀರ್ತನಾಳ ಜೀವವೆಲ್ಲ ಒದ್ದಾಡಿತು. 'ಇವತ್ತು ಸುಮ್ಮನಾದರೆ ಮುಗಿಯಿತು. ನಾನು ನಿನ್ನನ್ನು ಎಷ್ಟು ಪ್ರೀತಿಸಿದರೂ ಮುಗಿಯಿತು. ದೇವರೇ, ಮಾತಾಡು!'

"ಅಪ್ಪಾ!"

ಯಾರ್ಡೆಲ್ಲ ಬೆಚ್ಚಿಬಿದ್ದಿತು. ಆ ದನಿ ಮೌನೇಶನದೆಂದು ನಂಬಲು ಕೀರ್ತನಾಗೇ ಒಂದು ಕ್ಷಣ ಹಿಡಿಯಿತು.

"ಆವತ್ತು ಆಕಿ ಉಡ್ಯಾಗ ಏನಿತ್ತು? ಹೇಳು!"

"ಏನ್ಲೇ, ನನ್ನ ಮುಂದ ದನಿ..."

"ನೀ ಹೇಳಂಗಿಲ್ಲ, ನಾ ಹೇಳ್ತೀನಿ! ತಕ್ಕಡಿ ಹತ್ರ ನಿಂತು ಈ ಕಣ್ಣಿಲೆ ನೋಡೀನಿ. ಒಂದು ಚೂರು ಅಡಿಕಿ ಬಿತ್ತು. ಒಂದು ಬಸ್ ಟಿಕೆಟ್ ಬಿತ್ತು. ಒಂದು ಕಾಳು ಬೀಳ್ಲಿಲ್ಲ! ಒಂದ... ಕಾಳು... ಇರಲಿಲ್ಲ! ನೀನೂ ನೋಡಿದಿ. ನೋಡಿ ಬಾಯಿ ಮುಚ್ಕೊಂಡು ಒಳಗ ಹೋದಿ. ಎಲ್ಲಾರ ಮುಂದ ಕಳ್ಳಿ ಅಂದೀಯಲ್ಲ, ಕಳ್ಳಿ ಅಲ್ಲ ಅಂತ ಯಾರ ಮುಂದ ಹೇಳಿದಿ?"

ಗಾದಿಲಿಂಗಪ್ಪ ಎದ್ದ. ಕೈ ಮೇಲೆತ್ತಿದ.

ಮೌನೇಶ್ ಸರಿಯಲಿಲ್ಲ. "ಹೊಡಿ. ಹೊಡದ ಮ್ಯಾಲೂ ಒಂದು ಕಾಳು ಇರಲಿಲ್ಲ ಅಂತನ ಹೇಳ್ತೀನಿ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹಮಾಲರಲ್ಲೊಬ್ಬ, ತಲೆ ನರೆತ ಸೋಮಪ್ಪ, ಮೆಲ್ಲಗೆ ಹೇಳಿದ: "ಹೌದ್ರಿ ಸಾವ್ಕಾರ್ರ. ನಾನೂ ನೋಡೀನಿ. ಇರಲಿಲ್ಲ."

ಗಾದಿಲಿಂಗಪ್ಪ ಸುತ್ತ ನೋಡಿದ. ಯಾರೂ ಕಣ್ಣು ತಗ್ಗಿಸಲಿಲ್ಲ.

"ನನ್ನ ಮನಿ ಮೆಟ್ಲ ಹತ್ತಬ್ಯಾಡ ಇನ್ನ," ಎಂದ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. ಶಾಲು ಕೊಡವಿ ಒಳಗೆ ಹೋದ. ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದಿಲ್ಲ, ಕಥೆಯಲ್ಲೂ ಕೇಳುವುದಿಲ್ಲ.

ಮೌನೇಶ್ ಅಂಜಿನಕ್ಕನ ಮುಂದೆ ಬಂದು ಕೈ ಮುಗಿದ. "ಹದಿನಾರು ವರ್ಷ ತಡ ಆತು, ಅವ್ವ."

"ಆತು ಹೌದು." ಅಂಜಿನಕ್ಕ ಅವನನ್ನು ನೆಟ್ಟಗೆ ನೋಡಿದಳು. "ಹದಿನೈದು ವರ್ಷದ ಹುಡುಗನ ಮ್ಯಾಲ ನನಗ ಸಿಟ್ಟಿದ್ದಿಲ್ಲ. ಇವತ್ತು ಸುಮ್ಮನಿದ್ದಿದ್ರ ಮಾತ್ರ ಮಗಳನ್ನ ಕರ್ಕೊಂಡು ಹೊಂಟಬಿಡ್ತಿದ್ದೆ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ತಲೆ ಎತ್ತಿ, ರಾಶಿಗಳ ನಡುವಿಂದ ನಡೆದುಹೋದಳು. ಹಮಾಲರು ದಾರಿ ಬಿಟ್ಟು ನಿಂತರು. "ನಾ ಬಸ್ ಸ್ಟ್ಯಾಂಡಿಗೆ ನಡೀತೀನಿ. ಲಗೂನ ಬಾ," ಎಂದಳು ಮಗಳಿಗೆ, ತಿರುಗದೆಯೇ.

ಯಾರ್ಡಿನ ಹೊರಗೆ ಬೇವಿನ ಮರದ ಕೆಳಗೆ ಮೌನೇಶ್ ಕುಸಿದು ಕೂತ. ಅವನ ಎರಡೂ ಕೈ ಗಡಗಡ ನಡುಗುತ್ತಿದ್ದವು.

"ಯಾಕ್ರೀ... ಏನಾತು?" ಕೀರ್ತನಾ ಗಾಬರಿಯಾಗಿ ಪಕ್ಕಕ್ಕೆ ಕೂತಳು.

"ಅಂಜಿಕಿ ರಿ."

"ನಿಮ್ಮಪ್ಪಂದಾ?"

"ನಂದ." ಅವನು ಕೈ ನೋಡಿಕೊಂಡ. "ಸಣ್ಣಾವ ಇದ್ದಾಗಿಂದ ಒಂದ ಅಂಜಿಕಿ. ಒಂದ್ಸಲ ದನಿ ಎತ್ತಿದ್ರ, ಅಪ್ಪನ ದನಿನ ಹೊರಗ ಬರತೈತೇನೋ ಅಂತ. ಬಂದ್ರ ತಿರುಗಿ ಒಳಗ ಹೋಗಂಗಿಲ್ಲೇನೋ ಅಂತ. ಅದಕ್ಕ ಎಲ್ಲಾದಕ್ಕೂ ಸುಮ್ಮನಾಗ್ತಿದ್ದೆ. ಅದು ಒಳ್ಳೇತನ ಅಲ್ರಿ. ಹೇಡಿತನ."

ಇಷ್ಟು ದಿನ ಕೀರ್ತನಾ ತಣ್ಣನೆತನ ಅಂದುಕೊಂಡದ್ದು ಇದನ್ನು! ಆ ಬೈಸಲ್ಫೇಟಿನೊಳಗಿನ ಹಾಗೆ ಅವನೊಳಗೂ ಒಂದು ಹುಳಿ ಉಳಿದಿತ್ತು. ಅವನು ಅದನ್ನು ಯಾರನ್ನೂ ಸುಡದ ಹಾಗೆ ಒಬ್ಬನೇ ಹಿಡಿದುಕೊಂಡು ಬದುಕಿದ್ದ. ಅವಳೋ, ದಂಡೆಯ ಮೇಲೆ ನಿಂತವನು ಎಂದು ಎರಡೆರಡು ಸಲ ಚುಚ್ಚಿದ್ದಳು.

"ನಾ ತಪ್ಪು ತಿಳ್ಕೊಂಡಿದ್ದೆ," ಎಂದಳು.

"ಪೂರಾ ತಪ್ಪಲ್ರಿ. ಬೈದ್ರೆಲ್ಲ, ಅದಕ್ಕ ಇವತ್ತು ಬಾಯಿ ಬಂತು."

"ಇವತ್ತು ಬಂದಿದ್ದು ಅಪ್ಪನ ದನಿನಾ?"

ಅವನು ಯೋಚಿಸಿದ. ಬಿಳಿಚಿದ ಮುಖದಲ್ಲಿ ನಿಧಾನಕ್ಕೆ ಆ ಹಳೆಯ ನಗು ಬಂತು.

"ಅಲ್ರಿ. ನಿಮ್ಮದು."

ಕೀರ್ತನಾ ನಕ್ಕಳು, ನಗುತ್ತಲೇ ಅತ್ತಳು. ನಡುಗುವ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದಳು. ಹಾದು ಹೋಗುವ ಟ್ರ್ಯಾಕ್ಟರಿನವನು ನೋಡಿದ. ನೋಡಲಿ!

"ಮನಿ ಮೆಟ್ಲ ಹತ್ತಬ್ಯಾಡ ಅಂದಾನ ಅಪ್ಪ," ಎಂದ ಅವನು.

"ನಮ್ಮ ಮನಿಗೆ ಮೆಟ್ಲನ ಇಲ್ಲ. ನೆಟ್ಟಗ ಒಳಗ ಬರಬಹುದು."

ನಡುಕ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಅವಳು ಕೈ ಬಿಡಲಿಲ್ಲ.

"ಲೇ ಮೌನೇಶಾ..." ಎಂದಳು ಮೆಲ್ಲಗೆ.

ಅವನು ಬೆಚ್ಚಿ ತಿರುಗಿದ. "ಏನಂದ್ರಿ?"

"ರಿ ಅಲ್ಲ."

ಅವನು ಅವಳ ಕಣ್ಣನ್ನೇ ನೋಡಿದ. ತುಟಿ ಎರಡು ಸಲ ಅಲುಗಿತು, ಮೂರನೇ ಸಲಕ್ಕೆ ದನಿ ಬಂತು.

"...ಏನಂದಿ?"